ಹನ್ನೊಂದು ಹಲ್ಲಿನ ಪಿನಿಯನ್

ನಮ್ಮ ಅವ್ವನಿಗೆ ಮನೆಯೊಳಗೆ ಮಾತಿಗೆ ಪುರಸೊತ್ತಿರಲಿಲ್ಲ. ಎಮ್ಮೆಗೆ ಬೈಯುವುದು, ಸೊಸೆಗೆ ಉಪ್ಪಿನಕಾಯಿಯ ಭರಣಿ ತೋರಿಸುವುದು, ದ್ರಾಕ್ಷಿ ಕೊಯ್ಯಲು ಬಂದ ಹೆಣ್ಣುಮಕ್ಕಳ ಜೋಡಿ ನಗುವುದು, ಇವೆಲ್ಲ ಇದ್ದವು. ಆದರೆ ಒಂದು ಸಂಗತಿಯನ್ನು ಬುಡದಿಂದ ತುದಿಯವರೆಗೆ ಕೂತು ಹೇಳುವ ಮಾತು ಆಕೆಗೆ ಬರುತ್ತಿದ್ದದ್ದು ಒಂದೇ ಜಾಗದಲ್ಲಿ. ಅದು ನಮ್ಮ ಪಿಕಪ್ ಗಾಡಿಯ ಕ್ಯಾಬಿನ್ನು. ಎಡಗಡೆಯ ಕಿಟಕಿಗೆ ಮೊಣಕೈ ಆನಿಸಿ, ಮಡಿಲಲ್ಲಿ ಎಲೆಯಡಿಕೆಯ ಚಂಚಿ ಬಿಚ್ಚಿದಳೆಂದರೆ ಮಾತು ಸುರುವಾಯಿತೆಂದೇ ಲೆಕ್ಕ. ನಾನು ಇವತ್ತು ನಾಲ್ಕು ಮಾತು ನೆಟ್ಟಗೆ ಆಡುತ್ತೇನೆಂದರೆ ಅವು ಸಾಲಿಯಲ್ಲಿ ಕಲಿತವಲ್ಲ. ಸ್ಟೇರಿಂಗ್ ಹಿಡಿದು, ಕಣ್ಣು ರಸ್ತೆಯ ಮೇಲಿಟ್ಟು, ಎಡಗಿವಿಯಿಂದ ಕಲಿತವು.

ಅಮಾವಾಸ್ಯೆಯ ದಿನ ನಮ್ಮ ಕಡೆ ಹೊಲದಲ್ಲಿ ಕೆಲಸ ಹೂಡುವುದಿಲ್ಲ. ಮೊದಲು ಅದು ಎತ್ತಿನ ರಜೆಯಾಗಿತ್ತು. ಎತ್ತು ಹೋಗಿ ಪಿಕಪ್ ಬಂದ ಮೇಲೂ ಅವ್ವ ಆ ರಜೆಯನ್ನು ಗಾಡಿಗೆ ದಾಟಿಸಿದಳು. "ಅದೂ ತಿಂಗಳಾನಗಟ್ಲೆ ದುಡಿತೈತಿ, ಅದಕ್ಕ ಜೀವ ಇಲ್ಲೇನು?" ಎನ್ನುವಳು. ಹಾಗಂತ ರಜೆ ಸಿಕ್ಕ ಗಾಡಿ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಲು, ಗೊಬ್ಬರ, ದ್ರಾಕ್ಷಿಯ ಕ್ರೇಟು, ಕಬ್ಬಿನ ಬೀಜ, ಉಳಿದ ದಿನವೆಲ್ಲ ಇವನ್ನು ಹೊತ್ತ ಗಾಡಿ ಅಮಾವಾಸ್ಯೆಗೆ ಅವ್ವನನ್ನು ಹೊತ್ತು ನಿಪ್ಪಾಣಿಗೆ ಹೊರಡುತ್ತಿತ್ತು. ಅಲ್ಲಿ ಆಕೆಯ ಅಕ್ಕ ಇದ್ದಳು. ನಾನು ಮಾವಶಿ ಎನ್ನುತ್ತಿದ್ದೆ.

ಐಗಳಿಯ ಬದಿಯ ನಮ್ಮ ತೋಟದಿಂದ ಹೊರಟು ಅಥಣಿ, ಅಲ್ಲಿಂದ ಹೊಳೆ ದಾಟಿ ರಾಯಬಾಗ, ಚಿಕ್ಕೋಡಿ, ಆಮೇಲೆ ನಿಪ್ಪಾಣಿ. ಈ ದಾರಿಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಮಾತು ಗೊತ್ತಾಗಿತ್ತು. ಅಥಣಿ ಬರುವವರೆಗೆ ನಮ್ಮ ಅಜ್ಜಿಯ ಸಿಟ್ಟಿನ ಸುದ್ದಿ. ಸೊಸೆ ರೊಟ್ಟಿ ದಪ್ಪ ತಟ್ಟಿದಳೆಂದು ಅಜ್ಜಿ ಮೂರು ದಿನ ಬರೀ ಮಜ್ಜಿಗೆ ಕುಡಿದು ಕೂತದ್ದು, ನಾಲ್ಕನೆಯ ದಿನ ಅದೇ ದಪ್ಪ ರೊಟ್ಟಿಯನ್ನು ಕದ್ದು ತಿಂದು ಸಿಕ್ಕಿಬಿದ್ದದ್ದು. ಹೊಳೆ ಕಂಡಕೂಡಲೆ ಕೈ ಮುಗಿದು, ದಂಡೆಯ ಸತ್ತಿ ಊರಲ್ಲಿ ನೆರೆ ಬಂದ ವರ್ಷ ನಮ್ಮಪ್ಪ ಎಮ್ಮೆಯ ಬಾಲ ಹಿಡಿದು ಈಜಿದ ಕತೆ. ಎಮ್ಮೆ ದಂಡೆಗೆ ಬಂದಮೇಲೂ ಅಪ್ಪ ಬಾಲ ಬಿಡಲಿಲ್ಲವಂತೆ. ರಾಯಬಾಗದ ಹತ್ತಿರ ಕಾಕಾನ ಬಾಲ್ಯ. ಕಾಕಾ ಅಂದರೆ ನನ್ನಪ್ಪನ ಕಿರಿಯ ತಮ್ಮ. ಅವ್ವ ಮದುವೆಯಾಗಿ ಬಂದಾಗ ಅವನಿಗೆ ಇನ್ನೂ ಹಾಲುಹಲ್ಲು. ವೈನಿ ಎನ್ನುತ್ತ ಅತ್ತಿಗೆಯ ಸೆರಗು ಹಿಡಿದೇ ಬೆಳೆದವನು.

ಚಿಕ್ಕೋಡಿ ದಾಟಿತೋ, ಅವ್ವ ಸುಮ್ಮನಾಗುವಳು. ನಿಪ್ಪಾಣಿಯವರೆಗೆ ಒಂದು ಮಾತಿಲ್ಲ. ಬಹಳ ವರ್ಷ ನಾನು ಆಕೆಗೆ ಜೋಂಪು ಹತ್ತುತ್ತದೆ ಅಂದುಕೊಂಡಿದ್ದೆ. ಬರುವಾಗಲೂ ಹಾಗೆಯೇ, ಚಿಕ್ಕೋಡಿ ಬಂದ ಮೇಲೆಯೇ ಬಾಯಿ ತೆರೆಯುವಳು. ಹಿಂಗಾಗಿ ಅವ್ವ ನಮ್ಮ ಮನೆಗೆ ಬಂದಮೇಲಿನ ಬದುಕೆಲ್ಲ ನನಗೆ ಬಾಯಿಪಾಠ, ಬರುವ ಮೊದಲಿನದು ಏನೂ ಗೊತ್ತಿಲ್ಲ. ಆಕೆ ಹುಡುಗಿಯಾಗಿ ಎಂಥವಳಿದ್ದಳು, ತವರಿನಲ್ಲಿ ಏನು ಮಾಡುತ್ತಿದ್ದಳು, ನಮ್ಮಪ್ಪ ಅಷ್ಟು ದೂರ ಹೆಣ್ಣು ಹುಡುಕಿ ಯಾಕೆ ಹೋದ, ಕೇಳಿದರೆ "ಹೇಳ್ತೇನ್ ತಡಿ" ಎನ್ನುವಳು. ಆ ಮಾತುಗಳ ಜಾಗ ಚಿಕ್ಕೋಡಿಯ ಆಚೆಗೆ ಇತ್ತು.

ಆಕೆಗೆ ಜೋಂಪೂ ಹತ್ತುತ್ತಿರಲಿಲ್ಲ, ಏನೂ ಇಲ್ಲ. ಬಾಯಿ ಮುಚ್ಚಿಸುತ್ತಿದ್ದದ್ದು ನಮ್ಮ ಗಾಡಿಯ ಹಿಂದಿನ ಹೌಸಿಂಗು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಕಪ್ಪಿನ ಹಿಂದೆ, ಎರಡು ಗಾಲಿಯ ನಡುವೆ, ಗಡಿಗೆಯಂತೆ ಉಬ್ಬಿದ ಒಂದು ಭಾಗ ಇರುತ್ತದಲ್ಲ, ಅದೇ ಹೌಸಿಂಗು. ಅದರೊಳಗೆ ದೊಡ್ಡದೊಂದು ಹಲ್ಲಿನ ಚಕ್ರ, ಅದಕ್ಕೆ ಕ್ರೌನ್ ಅನ್ನುತ್ತಾರೆ. ಅದನ್ನು ತಿರುಗಿಸುವ ಸಣ್ಣದು ಪಿನಿಯನ್. ನಮ್ಮ ಗಾಡಿಯ ಮೊದಲ ಒಡೆಯ ಕಾಗವಾಡದವನು, ಕಲ್ಲು ಜಲ್ಲಿ ಹೇರುತ್ತಿದ್ದವನು. ಭಾರ ಎಳೆಯಲೆಂದು ಅವನು ಒಂಬತ್ತು ಹಲ್ಲಿನ ಪಿನಿಯನ್ ಕೂಡಿಸಿದ್ದ. ಕ್ರೌನಿಗೆ ನಲವತ್ತೊಂದು ಹಲ್ಲು. ಅಂದರೆ ಗಾಲಿ ಒಂದು ಸುತ್ತು ತಿರುಗಬೇಕಾದರೆ ಎಂಜಿನ್ ಕಡೆಯಿಂದ ಬರುವ ಶಾಫ್ಟು ನಾಲ್ಕೂವರೆ ಸುತ್ತು ತಿರುಗಬೇಕು. ಎಳೆತ ಅಂದರೆ ಎಳೆತ. ಆದರೆ ಓಟ ಬೇಕೆಂದರೆ ಎಂಜಿನ್ ಬಾಯಿ ಬಡಿದುಕೊಳ್ಳುತ್ತದೆ. ಚಿಕ್ಕೋಡಿಯವರೆಗೆ ರಸ್ತೆ ಹದಗೆಟ್ಟದ್ದು, ನಾನೂ ನಿಧಾನ, ಎಂಜಿನ್ನೂ ನಿಧಾನ, ಅವ್ವನ ಮಾತು ಸರಾಗ. ಚಿಕ್ಕೋಡಿ ದಾಟಿದ ಮೇಲೆ ರಸ್ತೆ ಅಗಲ, ಹಿಂದಿನವರು ಹಾರ್ನು ಹೊಡೆಯುತ್ತಾರೆ, ನಾನು ಓಡಿಸಲೇಬೇಕು. ಕ್ಯಾಬಿನ್ನು ಗಿರಣಿಯಾಗುವುದು. ಮೊದಮೊದಲು ಅವ್ವ ಒದರಿ ಹೇಳಲು ನೋಡುತ್ತಿದ್ದಳಂತೆ. ನಾನು "ಏನಬೇ? ಏನು?" ಅಂದು ಅಂದು ಆಕೆ ಬಿಟ್ಟುಬಿಟ್ಟಳಂತೆ; ನನಗೆ ಅದು ನೆನಪೇ ಇರಲಿಲ್ಲ.

ಒಂದು ಚಳಿಗಾಲ ಅವ್ವನಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿ ಎದ್ದಳು. ಎದ್ದಮೇಲೆ ದನಿ ಅರ್ಧಕ್ಕೆ ಇಳಿಯಿತು. ಒದರುವುದಿರಲಿ, ಪಡಸಾಲೆಯಿಂದ ಕರೆದರೆ ಅಡಿಗೆಮನೆಗೆ ಕೇಳುತ್ತಿರಲಿಲ್ಲ. ಅದೇ ಹೊತ್ತಿಗೆ ಗಾಡಿಯ ಹೌಸಿಂಗಿಗೂ ದನಿ ಬಂತು. ಹಲ್ಲು ಸವೆದಿದ್ದವು. ಮೊದಲು ಸಣ್ಣಗೆ ಸಿಳ್ಳೆ, ಆಮೇಲೆ ಊಳಿಡುವುದು. ಈಗ ಅಥಣಿ ದಾಟುವ ಮೊದಲೇ ಅವ್ವನ ಮಾತು ಮುಳುಗತೊಡಗಿತು. ಅಜ್ಜಿ ರೊಟ್ಟಿ ಕದಿಯುವಲ್ಲಿಗೆ ಬಂದರೆ ಕಳ್ಳತನವೇ ಕೇಳಿಸುತ್ತಿರಲಿಲ್ಲ. ಒಂದು ಅಮಾವಾಸ್ಯೆ ಆಕೆ ಚಂಚಿ ಬಿಚ್ಚಲೇ ಇಲ್ಲ. ಹೋಗುವಾಗ, ಬರುವಾಗ, ಕಿಟಕಿಯ ಕಡೆ ಮೋರೆ ಮಾಡಿ ಕೂತಳು. ಆ ದಿನ ನನಗೆ ಹೊಳೆಯಿತು. ಇವಳ ಮಾತು ಹೀಗೇ ಮುಗಿದುಹೋದರೆ, ಚಿಕ್ಕೋಡಿಯ ಆಚೆಯದು ನಾನು ಯಾವತ್ತೂ ಕೇಳುವುದಿಲ್ಲ.

ಕ್ರೌನು ಪಿನಿಯನ್ನು ಬದಲಿಸಬೇಕು, ಅದು ತೀರ್ಮಾನ. ಯಾವುದು ಕೂಡಿಸಬೇಕು, ಅದರ ಮೇಲೆ ಮನೆಯಲ್ಲಿ ರಾಮಾಯಣ.

ಕಾಕಾ ಇಪ್ಪತ್ತು ವರ್ಷ ಲಾರಿ ನಡೆಸಿದ ಮನುಷ್ಯ. "ಎಳಿಯೂದ ಮುಖ್ಯ ಲೇ ತಮ್ಮಾ. ಓಡೂದು ಕುದರಿ ಕೆಲಸ. ನಮಗ ಕಾಲುವಿ ಏರಿ ಹತ್ತಬೇಕು," ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ತೋಟದಿಂದ ರಸ್ತೆಗೆ ಬರಲು ಕಾಲುವೆಯ ಏರಿ ಹತ್ತಬೇಕು. ಕರಿಮಣ್ಣು, ಗೋಡೆಯಂಥ ದಿಬ್ಬ. ಹಣ್ಣು ತುಂಬಿದ ಅರವತ್ತು ಕ್ರೇಟು ಹೇರಿಕೊಂಡು ಗಾಡಿ ಎರಡನೇ ಗೇರಿನಲ್ಲೇ ಅದನ್ನು ಹತ್ತುವಾಗ ಕಾಕಾ ದಿಬ್ಬದ ಮೇಲೆ ನಿಂತು ಮೀಸೆ ತೀಡುತ್ತಿದ್ದ. ಕೊಯ್ದ ಹಣ್ಣು ಬಿಸಿಲಿಗೆ ನಿಲ್ಲದೆ ಒಣಗಿಸುವ ಶೆಡ್ಡಿಗೆ ಮುಟ್ಟಬೇಕು. ಇಲ್ಲದಿದ್ದರೆ ಒಣದ್ರಾಕ್ಷಿ, ನಮ್ಮ ಬೇದಾಣಿ, ಕಪ್ಪಾಗುತ್ತದೆ.

"ಈಗ ಒಳಗ ಖರೇನ ಎಷ್ಟು ಹಲ್ಲಿಂದು ಐತಿ, ಮೊದಲ ಅದನ್ನ ಎಣಸೂಣು," ಎಂದು ಕಾಕಾನೇ ಹೂಡಿದ. ಬಿಚ್ಚದೆ ಎಣಿಸುವ ವಿದ್ಯೆ ಅವನಿಗೆ ಗೊತ್ತಿತ್ತು. ಒಂದು ಬದಿಗೆ ಜಾಕು ಕೊಟ್ಟು ಗಾಲಿ ಎತ್ತಿದೆವು. ಇನ್ನೊಂದು ಗಾಲಿಗೆ ಕಲ್ಲು ಒತ್ತು ಕೊಟ್ಟೆವು. ಶಾಫ್ಟಿಗೆ ಗುರುತು ಮಾಡಲು ಸುಣ್ಣದಕಡ್ಡಿ ಸಿಗಲಿಲ್ಲ. ನನ್ನ ಹೆಂಡತಿ ದೇವರ ಮಾಡದಲ್ಲಿದ್ದ ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಷಿಣವನ್ನು ನೀರಲ್ಲಿ ಕಲಸಿ ತಂದಳು. ಕಾಕಾ ಗಾಡಿಯ ಕೆಳಗೆ ಅಂಗಾತ ಮಲಗಿ ಶಾಫ್ಟಿಗೆ ಹಳದಿ ಪಟ್ಟಿ ಬಳಿದ. ನಾನು ಗಾಲಿಯನ್ನು ಒಂದು ಸುತ್ತು ತಿರುಗಿಸಿದೆ. ಹೆಂಡತಿ ಬಗ್ಗಿ ಎಣಿಸಿದಳು.

"ಒಂದು... ಎರಡು... ಮತ್ತ ಇಷ್ಟ. ಕಾಲು ಸುತ್ತು."

ಕಾಕಾ ಹೊರಗೆ ತೆವಳಿ ಬಂದ. ಭಂಡಾರ ಸೋರಿ ಮೋರೆಯೆಲ್ಲ ಹಳದಿ. "ಎರಡೂಕಾಲು! ಕಾಗವಾಡದವ ನಮಗ ಟೊಪಗಿ ಹಾಕ್ಯಾನಲೇ! ನಾಲ್ಕೂವರಿದು ಅಂತ ಹೇಳಿ ಎರಡೂಕಾಲಿಂದು ಮಾರ್‍ಯಾನ. ನನಗ ಮೊದಲ ಸಂಶೆ ಇತ್ತು. ಎಳಿಯೂದು ಕಡಿಮಿನ ಇತ್ತು ಇದು."

"ಹ್ವಾದ ವಾರ ಆನಿ ಹಂಗ ಎಳಿತೈತಿ ಅಂದಿದ್ರೆಲ್ರಿ ಮಾವಾರ?" ಎಂದಳು ನನ್ನ ಹೆಂಡತಿ.

"ಅದು ಹ್ವಾದ ವಾರ."

ಕಟ್ಟೆಯ ಮೇಲಿದ್ದ ಅವ್ವ ಮೈದುನನ ಮೋರೆ ನೋಡಿ ಸಣ್ಣ ದನಿಯಲ್ಲೇ ಅಂದಳು, "ಮಲ್ಲಯ್ಯನ ಪೂಜಾರಿ ಆದೀ ನೋಡು. ಇನ್ನ ಒಂದು ಜೋಳಿಗಿ ಕಮ್ಮಿ."

ಕಾಕಾ ನಗಲಿಲ್ಲ. ಎರಡೂಕಾಲಿಗೇ ಇಷ್ಟು ಎಳೆದರೆ ನಾಲ್ಕೂವರೆ ಹಾಕಿದರೆ ಎಂಬತ್ತು ಕ್ರೇಟು ಹೇರಬಹುದು ಎಂದು ಅವನ ಕಣ್ಣು ಹೊಳೆಯುತ್ತಿದ್ದವು.

ಮರುದಿನ ಚಿಕ್ಕೋಡಿಯ ಮಿಸ್ತ್ರಿಯ ಕಡೆ ಹೊರಟೆವು. ಊರ ಹೊರಗೆ ತಗಡಿನ ಶೆಡ್ಡು, ಹಲ್ಲುಚಕ್ರಗಳದೇ ವ್ಯಾಪಾರ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. "ಚಿಕ್ಕೋಡಿ ಅಂದ್ರ ಅಕ್ಕನ ಊರಿಗಿ ಅರ್ಧಕ್ಕಿಂತ ಹೆಚ್ಚು ದಾರಿ ಆತು. ಅಲ್ಲೆ ಗಾಳಿಯರ ಕುಡದು ಬರ್ತೇನಿ." ಮೂವರೂ ಕೂತೆವು. ಹೌಸಿಂಗು ಊಳಿಡುತ್ತಿತ್ತು. ಅದರ ಮೇಲೆ ಕಾಕಾನ ಬೈಗುಳವೊಂದೇ ಕೇಳಿಸುವಂತಿತ್ತು.

ಮಿಸ್ತ್ರಿ ವಯಸ್ಸಾದವರು, ಮೂಗಿನ ತುದಿಗೆ ಚಷ್ಮಾ. ಕಾಕಾ ಎಣಿಸಿದ ಬಗೆಯನ್ನು ಸಾವಕಾಶ ಕೇಳಿಸಿಕೊಂಡರು. ಕೇಳಿಸಿಕೊಂಡು ಚಷ್ಮಾ ತೆಗೆದರು, ಕಣ್ಣೊರೆಸಿಕೊಂಡರು. ನಗುತ್ತಿದ್ದರು.

"ಎಷ್ಟು ಗಾಲಿ ಎತ್ತಿದ್ರಿ ಸಾವ್ಕಾರ್ರ?"

"ಒಂದ. ಜಾಕ್ ಒಂದ ಐತಿ ನಮ್ಮಲ್ಲಿ."

"ಒಂದು ನೆಲಕ್ಕ ಇಟ್ಟು ಒಂದ ತಿರುವಿದ್ರ ಅರ್ಧಾ ಲೆಕ್ಕ ಸಿಗತೈತ್ರಿ. ಎರಡೂ ಗಾಲಿ ಎತ್ತಿ ಕೂಡೇ ತಿರುವಬೇಕು. ಇಲ್ಲಾ, ಎತ್ತಿದ ಒಂದನ್ನ ಎರಡು ಸುತ್ತು ತಿರುವಬೇಕು. ನಿಮ್ಮ ಎರಡೂಕಾಲು ಅಂದ್ರ ನಾಲ್ಕೂವರಿನ. ಒಂಬತ್ತು-ನಲವತ್ತೊಂದು."

ಕಾಕಾ ತಲೆ ಕೆರೆದುಕೊಂಡ. "ಹಂಗಾರ ಕಾಗವಾಡದವ ಖರೇನ ಹೇಳಿದ್ದ ಅನ್ರಿ."

"ಹೌದ್ರಿ. ದಾರ್‍ಯಾಗ ಬಹಳ ಬೈದ್ರೇನು ಅವಗ?"

"ರಾಯಬಾಗತನಾ ಅಷ್ಟ," ಎಂದಳು ಅವ್ವ. "ಮುಂದ ಗಂಟಲಾ ಬಿತ್ತು."

ಮಿಸ್ತ್ರಿ ಒಳಗಿನಿಂದ ಎರಡು ಸೆಟ್ಟು ತಂದು ಗೋಣಿಯ ಮೇಲಿಟ್ಟರು. ಒಂದು ನಮ್ಮದೇ ಥರದ್ದು, ಒಂಬತ್ತು ಹಲ್ಲಿನದು. ಇನ್ನೊಂದರ ಪಿನಿಯನ್ನಿಗೆ ಹನ್ನೊಂದು ಹಲ್ಲು, ಕ್ರೌನಿಗೆ ಅದೇ ನಲವತ್ತೊಂದು. ಅದು ಗಾಲಿಯ ಒಂದು ಸುತ್ತಿಗೆ ಮೂರೂಮುಕ್ಕಾಲು ಸುತ್ತು ತಿರುಗಿದರೆ ಸಾಕು. ಎಣ್ಣೆ ಹಚ್ಚಿಟ್ಟ ಹೊಸ ಉಕ್ಕು, ಬಿಸಿಲಿಗೆ ನೀಲಿ ಹೊಳೆಯುತ್ತಿತ್ತು.

"ಒಂಬತ್ತರದ ಕೂಡಸ್ರಿ," ಎಂದ ಕಾಕಾ. "ಹೊಸಾದು ಹಾಕಿದ್ರ ಊಳಿಡೂದು ನಿಂದ್ರತೈತಿ. ಸಾಕಲ್ಲ?"

"ಊಳು ನಿಂದ್ರತೈತಿ. ಎಂಜಿನ್ ಒದರೂದು ನಿಂದ್ರೂದಿಲ್ಲ. ಅದು ಹಲ್ಲು ಸವದ ದನಿ ಅಲ್ಲ, ಲೆಕ್ಕದ ದನಿ," ಎಂದ ಮಿಸ್ತ್ರಿ ನನ್ನ ಕಡೆ ತಿರುಗಿದರು. "ದಿನಾ ನಡಸಾವ್ರು ಯಾರು?"

"ನಾನು."

"ದಿನಾ ಏನ್ ಹೇರ್ತೀರಿ?"

ಎಣಿಸಿದೆ. ಮುಂಜಾನೆ ಎರಡು ಹಾಲಿನ ಕ್ಯಾನು, ವಾರಕ್ಕೊಮ್ಮೆ ಗೊಬ್ಬರ, ಔಷಧದ ಡಬ್ಬಿ, ಪೇಟೆಗೆ ಹೋಗಿ ಬರುವುದು. ದ್ರಾಕ್ಷಿ ಸುಗ್ಗಿ ಒಂದು ತಿಂಗಳು. ಅರವತ್ತು ಕ್ರೇಟಿನ ದಿನಗಳು ಇಪ್ಪತ್ತೋ ಇಪ್ಪತ್ತೈದೋ.

"ಹಂಗಾದ್ರ ಇಪ್ಪತ್ತು ದಿನದ ಸಲುವಾಗಿ ವರ್ಷಾನಗಟ್ಲೆ ಒದರಿಸಿಕೋತ ತಿರಗ್ತೀರೇನು?"

"ಆ ಇಪ್ಪತ್ತು ದಿನಾನ ನಮ್ಮ ಹೊಟ್ಟಿ ಮಿಸ್ತ್ರಿ!" ಕಾಕಾ ಎದ್ದು ನಿಂತಿದ್ದ. "ಏರಿ ಮ್ಯಾಲೆ ಗಾಡಿ ನಿಂತು ಹಿಂದ ಜಾರಿದ್ರ ಹಣ್ಣು ಕಾಲುವ್ಯಾಗ. ಇಂವಾ ಏನ್ ಹೇಳ್ತಾನ, ಇವಗ ಹೊಸಾ ಗಾಡಿ ಹಂಗ ಓಡಿಸೂ ಚಟ."

ನನಗೆ ಓಟದ ಚಟ ಇರಲಿಲ್ಲ. ಆದರೆ ಅವ್ವನ ಮಾತು ಕೇಳಬೇಕು ಎಂದು ನಾಲ್ಕು ಮಂದಿಯ ಮುಂದೆ, ಗ್ರೀಸಿನ ನಡುವೆ ನಿಂತು ಹೇಗೆ ಹೇಳುವುದು? ಇಷ್ಟು ವಯಸ್ಸಿನ ಮಗ. ನಾಚಿಕೆಯಾಯಿತು. ಡೀಸೆಲ್ ಉಳಿಯುತ್ತದೆ, ಎಂಜಿನ್ ಬಾಳಿಕೆ ಬರುತ್ತದೆ, ಏನೇನೋ ಬಡಬಡಿಸಿದೆ. ಒಂದೂ ಕಾಕಾನಿಗೆ ನಾಟಲಿಲ್ಲ.

ಬೇವಿನ ಕೆಳಗಿನ ಹೊರಸಿನ ಮೇಲೆ ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದ ಅವ್ವನನ್ನು ಮಿಸ್ತ್ರಿ ಚೇಷ್ಟೆಗೆ ಕೇಳಿದರು. "ಆಯಿ, ಇಬ್ಬರೂ ಜಗಳಾ ಬಗಿಹರಸವಲ್ರು. ನೀವ ಹೇಳ್ರಿ, ಯಾವುದು ಹಾಕಲಿ?"

ಅವ್ವ ಬಸಿ ಕೆಳಗಿಟ್ಟಳು. "ನನಗೇನ್ ತಿಳಿತೈತ್ರಿ ಹಲ್ಲಿನ ಸುದ್ದಿ. ನನ್ನ ಬಾಯಾಗ ನಾಕ ಉಳದಾವು. ಆದ್ರ ಇದು ಸುಮ್ಮನ ಆತಂದ್ರ ನಾ ಒಂದೀಟು ಮಾತಾಡ್ತೇನಿ. ನನ್ನ ದನಿ ಈಗ ಅದರ ಮ್ಯಾಲೆ ಏರೂದಿಲ್ಲ."

ಮಿಸ್ತ್ರಿ ಒಂಬತ್ತರ ಸೆಟ್ಟಿನ ಎಣ್ಣೆಯನ್ನು ಸುಮ್ಮನೆ ಒರೆಸಿದರು. ಕಾಕಾ ರಸ್ತೆಯ ಕಡೆ ಹೋಗಿ ನಿಂತು, ಬೀಡಿ ಹಚ್ಚಿ, ಪೂರ್ತಿ ಸೇದಿ, ಚಪ್ಪಲಿಯಿಂದ ಹೊಸಕಿ ಬಂದ. ಬಂದವನು ನನ್ನನ್ನು ನೋಡಲಿಲ್ಲ.

"ಹನ್ನೊಂದರದ್ದ ಹಾಕ್ರಿ ಮಿಸ್ತ್ರಿ. ಏರಿ ಮ್ಯಾಲೆ ನಾ ನೂಕ್ತೇನಿ."

"ಹುಚ್ಚಪ್ಪಾ, ನಿನಗ ವಯಸ್ಸೆಷ್ಟಾತು?" ಎಂದಳು ಅವ್ವ.

"ನಿನಕಿಂತ ಸಣ್ಣಾವ ಅದೇನಿ, ಸುಮ್ನಿರು ವೈನಿ."

ಸಂಜೆಯ ಹೊತ್ತಿಗೆ ಗಾಡಿ ಸಿದ್ಧವಾಯಿತು. ಹೊಸ ಹಲ್ಲು ಒಂದಕ್ಕೊಂದು ಕೂಡುವವರೆಗೆ ನಾಲ್ಕು ನೂರು ಕಿಲೋಮೀಟರು ಮೆಲ್ಲಗೆ ಹೊಡೆಯಬೇಕೆಂದು ಮಿಸ್ತ್ರಿ ಹೇಳಿ ಕಳಿಸಿದರು. ಆ ದಿನ ದಾರಿಯಲ್ಲಿ ಗೊತ್ತಾದ ಇನ್ನೊಂದು ಸಂಗತಿ ಎಂದರೆ ನಮ್ಮ ವೇಗದ ಮುಳ್ಳು ಇಷ್ಟು ವರ್ಷ ಸುಳ್ಳು ಹೇಳುತ್ತಿತ್ತು. ಕಾಗವಾಡದವ ಹಲ್ಲು ಬದಲಿಸಿದವನು ಮುಳ್ಳಿನ ಲೆಕ್ಕ ಬದಲಿಸಿರಲಿಲ್ಲ. ನಾವು ಅರವತ್ತು ಎಂದು ತಿಳಿದದ್ದು ಬರೀ ಐವತ್ತಾಗಿತ್ತು. ಗಂಟೆಗೆ ಅರವತ್ತರಂತೆ ಮೀರಜಿಗೆ ಹೋಗಿ ಬಂದೆನೆಂದು ಊರಲ್ಲಿ ಎದೆ ತಟ್ಟಿಕೊಂಡ ಕಾಕಾ ಇದನ್ನು ಯಾರಿಗೂ ಹೇಳಬೇಡ ಅಂದ. ಹೇಳಿರಲಿಲ್ಲ. ಈಗ ಬರೆದೆ.

ಸುಗ್ಗಿಯಲ್ಲಿ ಕಾಲುವೆಯ ಏರಿ ನಮ್ಮನ್ನು ಕಾಡಿತು, ಸುಳ್ಳು ಯಾಕೆ ಹೇಳಲಿ. ಮೊದಲ ದಿನ ಅರವತ್ತು ಕ್ರೇಟು ಹೇರಿ ಎರಡನೇ ಗೇರಿನಲ್ಲಿ ಏರಿಸಲು ಹೋದೆ. ನಡುವೆ ಗಾಡಿ ದಮ್ಮು ಬಿಟ್ಟು ನಿಂತಿತು. ಕ್ಲಚ್ಚಿನ ಸುಟ್ಟ ವಾಸನೆ. ಕಾಕಾ ಗಾಲಿಯ ಹಿಂದೆ ಕಲ್ಲು ಒತ್ತಿ, ಹೆಗಲು ಕೊಟ್ಟು, "ಹಾಕಲೇ ಒಂದನೇದು! ಹಾಕು!" ಎಂದು ಕೂಗಿದ. ನಾಲ್ಕು ಹೆಣ್ಣುಮಕ್ಕಳು ಕತ್ತರಿ ಬದಿಗಿಟ್ಟು ಬಂದು ಕೈ ಹಚ್ಚಿದರು. ಹತ್ತಿತು. ಮರುದಿನದಿಂದ ನನ್ನ ಹೆಂಡತಿ ಲೆಕ್ಕ ಬದಲಿಸಿದಳು. "ನಲವತ್ತ ಹೇರ್ರಿ, ಎರಡು ಸಲದ ಬದಲಿ ಮೂರು ಸಲ ಹೊಡೀರಿ. ತಿರುಗಿ ಬರೂದು ಲಗೂ ಆಗತೈತಲ್ಲ ಈಗ." ಹಣ್ಣು ಕೆಡಲಿಲ್ಲ. ಕಾಕಾ ಮಾತ್ರ ಪ್ರತಿ ಸಲವೂ ದಿಬ್ಬದ ಬುಡದಲ್ಲಿ ಕಲ್ಲು ಹಿಡಿದು ನಿಂತ, ಬೇಕಾಗದಿದ್ದರೂ. ಅವನ ಅಂಗಿಯ ಬೆನ್ನಿಗೆಲ್ಲ ಕರಿಮಣ್ಣು.

ಆದರೆ ಸುಗ್ಗಿ ಆಮೇಲಿನ ಮಾತು. ಹೊಸ ಹಲ್ಲು ಕೂತ ಮೇಲೆ ಬಂದ ಮೊದಲ ಅಮಾವಾಸ್ಯೆಯನ್ನು ಹೇಳಬೇಕು.

ಮುಂಜಾನೆ ಹೊರಟೆವು, ಅವ್ವ ಮತ್ತು ನಾನು. ಗಾಡಿಯೊಳಗೆ ಎಷ್ಟು ಶಾಂತ ಇತ್ತೆಂದರೆ ಆಕೆ ಅಡಿಕೆ ಕತ್ತರಿಸುವ ಸಪ್ಪಳ ಕೇಳಿಸಿತು. ಅಥಣಿಯವರೆಗೆ ಅಜ್ಜಿ, ಹೊಳೆಗೆ ಎಮ್ಮೆಯ ಬಾಲ, ಎಲ್ಲ ಸಾಂಗವಾಗಿ ನಡೆಯಿತು. ರಾಯಬಾಗ ಹೋಯಿತು. ಚಿಕ್ಕೋಡಿ ಬಂತು, ಹೋಯಿತು. ರಸ್ತೆ ಅಗಲವಾಯಿತು. ನಾನು ಅರವತ್ತಕ್ಕೆ ಏರಿಸಿದೆ, ಖರೇ ಅರವತ್ತು. ಎಂಜಿನ್ ಬರೀ ಗುನುಗುತ್ತಿತ್ತು. ಅವ್ವ ರೂಢಿಯಂತೆ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ್ದಳು. ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಕೆಡುತ್ತದೋ ಎಂದು ಹೆದರಿಕೆ.

ಎರಡು ಮೂರು ಮೈಲಿ ಹೋದ ಮೇಲೆ ಆಕೆಗೆ ತಾನೇ ಗೊತ್ತಾಯಿತು. ಒಮ್ಮೆ ಕೆಮ್ಮಿ ನೋಡಿದಳು, ತನ್ನ ಕೆಮ್ಮು ತನಗೆ ಕೇಳಿಸಿತು. ನನ್ನ ಕಡೆ ತಿರುಗಿ ಮಾತು ತೆಗೆದಳು. ನಾನು ಬೆಚ್ಚಿಬಿದ್ದೆ. ಅವ್ವ ಮರಾಠಿಯಲ್ಲಿ ಮಾತಾಡುತ್ತಿದ್ದಳು.

ಅಕ್ಕನ ಜೋಡಿ ಆಕೆ ಮರಾಠಿ ಆಡುವುದನ್ನು ನಾನು ಕೇಳಿದ್ದೆ. ನನ್ನ ಜೋಡಿ ಯಾವತ್ತೂ ಇಲ್ಲ. ಆದರೆ ಆ ದಾರಿಯಲ್ಲಿ ಆಕೆಯ ಬಾಲ್ಯ ಆ ಮಾತಿನಲ್ಲೇ ಇತ್ತು, ಬೇರೆ ಮಾತಿನಲ್ಲಿ ಹೇಗೆ ಬಂದೀತು? ನಿಪ್ಪಾಣಿಯ ತಂಬಾಕಿನ ಘಾಟು, ಅಂಗಳದಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಅಕ್ಕ, ಪಕ್ಕದಲ್ಲಿ ಎಲೆ ಕತ್ತರಿಸಿ ಕೊಡುವ ತಾನು. ಅವ್ವ ಸಾಲಿಗೆ ಹೋಗಲೆಂದು ಅಕ್ಕ ಅವ್ವನ ಪಾಲಿನದನ್ನೂ ತಾನೇ ಕಟ್ಟುತ್ತಿದ್ದಳಂತೆ. ಓಣಿಯಲ್ಲಿ ಕನ್ನಡದವರ ಮಕ್ಕಳ ಜೋಡಿ ಆಡಿ ಅವ್ವನಿಗೆ ಕನ್ನಡ ಬಂದಿತ್ತು. ಕೆಲಸ ಬಿಟ್ಟು ಏಳದ ಅಕ್ಕನಿಗೆ ಬಂದಿರಲಿಲ್ಲ. ಹಾಗಂತ ಅವ್ವನ ತಿಳುವಳಿಕೆ.

ಆಮೇಲೆ ಆಕೆಯ ಮಾತು ಆ ದಿನಕ್ಕೆ ಬಂತು. ಹೆಣ್ಣು ನೋಡಲು ಅಥಣಿ ಕಡೆಯವರು ಬಂದ ದಿನ. ಅವರು ನೋಡಲು ಬಂದದ್ದು ಅಕ್ಕನನ್ನು.

ನನ್ನ ಕಾಲು ತಾನೇ ಎಕ್ಸಿಲರೇಟರಿನಿಂದ ಮೇಲೆದ್ದಿತು. ಗಾಡಿ ಐವತ್ತಕ್ಕೆ, ನಲವತ್ತಕ್ಕೆ ಇಳಿಯಿತು. ಓಡಲೆಂದು ಕೂಡಿಸಿದ ಹಲ್ಲು, ನಾನು ಎತ್ತಿನ ಗಾಡಿಯಂತೆ ಹೊಡೆಯುತ್ತಿದ್ದೆ. ಹಿಂದಿನವರು ಹಾರ್ನು ಹೊಡೆದು, ಬೈದು, ದಾಟಿ ಹೋದರು.

"ಅಕ್ಕ ಪೋಹೆ ತಾಟು ಇಟ್ಟು ಕೂತಳು," ಎಂದಳು ಅವ್ವ. ಅವಳ ಮರಾಠಿಯನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. "ನಿಮ್ಮಪ್ಪ ತಿಂದ. ಖಾರ ಹತ್ತಿತು. ನೀರು ಕೊಡ್ರಿ ಅಂದ. ಅಕ್ಕನಿಗೆ ತಿಳಿಯಲಿಲ್ಲ. ಸುಮ್ಮನೆ ತಲೆ ಬಗ್ಗಿಸಿ ಕೂತಳು. ಎರಡನೇ ಸಲ ಕೇಳಿದ. ಆಗಲೂ ಏಳಲಿಲ್ಲ. ಬಾಗಿಲ ಮರೆಯಲ್ಲಿ ನಾನಿದ್ದೆ. ತಡೆಯಲಾರದೆ ತಂಬಿಗೆ ತಂದು 'ತಗೋರಿ' ಅಂದುಬಿಟ್ಟೆ. ಆ ಒಂದು ಮಾತು. ಹೋಗುವಾಗ ಅವರು ಅಂದರಂತೆ, ನಮಗೆ ನಮ್ಮ ಮಾತು ಬರುವ ಸಣ್ಣಾಕಿಯೇ ಆದೀತು." ಅವ್ವ ಚಂಚಿಯ ದಾರ ಎಳೆದು ಕಟ್ಟಿದಳು. "ಆಕೆ ನನಗೆ ಸಾಲಿ ಕಲಿಸಿದಳು, ನಾನು ಆಕೆಯ ಗಂಡನನ್ನು ಕಸಿದುಕೊಂಡೆ. ಒಂದು ದಿನವೂ ಆಕೆ ಅದನ್ನು ಆಡಿ ತೋರಿಸಿಲ್ಲ. ಅದಕ್ಕೇ ಇನ್ನೂ 'ತಪ್ಪಾತು' ಅನ್ನಲು ಬಾಯಿ ಬಂದಿಲ್ಲ."

ನಿಪ್ಪಾಣಿ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಮಾವಶಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಇಳಿಯಲು ಇಬ್ಬರಿಗೂ ಮನಸ್ಸಿಲ್ಲ. ಅವ್ವ ಇನ್ನೂ ಮದುವೆಯ ದಿನದ ಮಾತು ಆಡುತ್ತಿದ್ದಳು. ಒಮ್ಮೆಲೆ ಎಡಗಡೆಯ ಬಾಗಿಲು ಬಡಿದ ಸಪ್ಪಳ. ಮಾವಶಿ. ಕಣ್ಣಿಗೆ ಪೊರೆ ಬಂದು ಬಾಗಿಲ ಹಿಡಿಕೆಯನ್ನು ತಡವಿ ಹುಡುಕುತ್ತಿದ್ದಳು.

"ಉತರಾಯಚಂ ನ್ಹಾಯೀ ವ್ಹಯ ಗಂ?" ಇಳಿಯುವುದಿಲ್ಲವೇನೇ ಎಂದಳು. "ಆವಾಗಿನಿಂದ ನಿಂತೀರಿ, ಒಳಗೆ ಏನು ಗುಸುಗುಸು?"

"ನಿನ್ನ ಸುದ್ದಿನ, ಮಾವಶಿ," ಎಂದೆ. ಅವ್ವ ನನ್ನ ತೊಡೆಗೆ ಚಿವುಟಿದಳು. ತಡವಾಗಿತ್ತು.

"ನನ್ನ ಸುದ್ದಿ? ನಾನಿಲ್ಲದೆ? ಅತ್ತ ಸರಿದು ಕೂರು." ಮಾವಶಿ ಸೀರೆ ಎತ್ತಿ ಹತ್ತಿಯೇ ಬಿಟ್ಟಳು. "ನಡೆಸು. ಕಣ್ಣು ಹೋದಾಗಿನಿಂದ ಮನೆಯಲ್ಲೇ ಕೂತು ಬೇಸರ ಬಂದಿದೆ. ಘಟ್ಟದವರೆಗೆ ಗಾಳಿ ತಿಂದು ಬರೋಣ. ಏನು ಸುದ್ದಿ, ಹೇಳು."

ಮೂವರೂ ಒಂದೇ ಸೀಟಿನಲ್ಲಿ. ಗೇರಿನ ಕೋಲು ಅವ್ವನ ಮೊಣಕಾಲಿಗೆ ತಾಗುತ್ತಿತ್ತು. ದೊಡ್ಡ ರಸ್ತೆಗೆ ಬಂದ ಮೇಲೆ ಅವ್ವ ತಂಬಿಗೆಯ ಸುದ್ದಿ ತೆಗೆದಳು, ನಿಂತು ನಿಂತು, ಮುಂದಿನ ಗಾಜು ನೋಡುತ್ತ. ಕೊನೆಗೆ ಆ ಮಾತನ್ನೂ ಆಡಿದಳು. "ಚುಕಲಂ ಗಂ ಅಕ್ಕಾ." ತಪ್ಪಾಯಿತು ಅಕ್ಕಾ.

ನಾನು ಓರೆಗಣ್ಣಿನಿಂದ ಮಾವಶಿಯನ್ನು ನೋಡಿದೆ. ಆಕೆಯ ಹೊಟ್ಟೆ ಅಲುಗುತ್ತಿತ್ತು. ನಗು.

"ನೀರ್ ಮ್ಹಂಜೆ ಪಾಣೀ, ಮಲಾ ಕಳತ ನವ್ಹತಂ ವ್ಹಯ?" ನೀರು ಅಂದರೆ ಏನೆಂದು ನನಗೆ ತಿಳಿಯುತ್ತಿರಲಿಲ್ಲವೇನು ಎಂದಳು. "ನಿಪ್ಪಾಣಿಯಲ್ಲಿ ಹುಟ್ಟಿ ನೀರು ಅನ್ನುವುದು ಬರುವುದಿಲ್ಲವಾ? ಎಲ್ಲಾ ತಿಳಿದಿತ್ತು. ನೀನು ಬಾಗಿಲ ಸಂದಿಯಿಂದ ಆ ಉದ್ದ ಕಾಲಿನವನನ್ನು ನುಂಗುವಂತೆ ನೋಡುತ್ತಿದ್ದೆ. ನನಗೋ ಅವ ಸೇರಲಿಲ್ಲ. ಮೇಲಾಗಿ ಅಷ್ಟು ದೂರ ಯಾರು ಹೋಗುತ್ತಾರೆ! ಇವಳು ಯಾವಾಗ ತಂಬಿಗೆ ತರುತ್ತಾಳೆ ಎಂದು ಕೂತೆ. ಎರಡು ಸಲ ಕೇಳಿಸಿದೆ ಅವನ ಕಡೆಯಿಂದ. ಮೂರನೇ ಸಲವೂ ಬಾರದಿದ್ದರೆ ಕೂಗಿ ಕರೆಯುವವಳಿದ್ದೆ."

ಅವ್ವ ಅಕ್ಕನ ತೋಳಿಗೆ ಒಂದು ಏಟು ಹಾಕಿದಳು, ಹುಡುಗಿಯರು ಹಾಕುವಂತೆ. "ಇಷ್ಟು ವರ್ಷ ಹೇಳಲಿಲ್ಲ ನೀನು!"

"ಇಷ್ಟು ವರ್ಷ ಕೇಳಲಿಲ್ಲ ನೀನು."

ಈಗ ಇಬ್ಬರೂ ಇಲ್ಲ. ಮೊದಲು ಮಾವಶಿ, ಮರುವರ್ಷ ಅವ್ವ. ಅದಕ್ಕೆ ಮೊದಲು ನಮಗೆ ಏಳು ಅಮಾವಾಸ್ಯೆ ಸಿಕ್ಕವು, ಏಳರಲ್ಲೂ ಮನೆಯೊಳಗೆ ಕೂತದ್ದು ಕಡಿಮೆ, ಗಾಡಿಯಲ್ಲಿ ತಿರುಗಿದ್ದೇ ಹೆಚ್ಚು. ಗಾಡಿ ಇನ್ನೂ ನಡೆಯುತ್ತದೆ. ಹಳೆಯ ಒಂಬತ್ತರದ್ದು ಹಾಕೋಣವೇ ಎಂದು ಒಮ್ಮೆ ಕಾಕಾನನ್ನು ಕೇಳಿದೆ. ಅವನು ಬ್ಯಾಡ ಎಂದ.

ಆ ಮೊದಲ ಅಮಾವಾಸ್ಯೆಯ ದಿನ ಘಟ್ಟದ ಏರು ಹತ್ತಿದಂತೆ ಗಾಡಿ ಸ್ವಲ್ಪ ತಡವರಿಸಿತು. ಹನ್ನೊಂದರ ಹಲ್ಲಿಗೆ ಏರು ಒಗ್ಗುವುದಿಲ್ಲ. ಅವ್ವನ ಮೊಣಕಾಲು ಸರಿಸಿ ಮೂರನೇ ಗೇರು ಹಾಕಿದೆ, ಎಂಜಿನ್ ದನಿ ಎತ್ತಿತು. ಅವ್ವ ಆಗಷ್ಟೇ ಕತೆಯನ್ನು ಮತ್ತೆ ಮೊದಲಿನಿಂದ, ಈ ಸಲ ತಂಬಿಗೆಯನ್ನು ಸರಿಯಾದ ಜಾಗದಲ್ಲಿಟ್ಟು, ಹೇಳತೊಡಗಿದ್ದಳು. ಮಾವಶಿ ಆಕೆಯ ಬೆನ್ನ ಹಿಂದಿನಿಂದ ಕೈ ಚಾಚಿ, ನನ್ನ ಭುಜ ಎಲ್ಲಿದೆ ಎಂದು ತಡವಿ, ತಟ್ಟಿದಳು.

"ಹಳೂ ಚಾಲವ ರಂ," ಎಂದಳು. "ಹೀ ಬೋಲತೀಯಾ." ಮೆಲ್ಲಗೆ ಹೊಡೆಯೋ, ಈಕೆ ಮಾತಾಡುತ್ತಿದ್ದಾಳೆ.